ದಾಕ್ಷಿಣ್ಯದ ಸಹಿ

ನನ್ನ ಗಂಡ ಬಹಳ ಸಭ್ಯರು. ಹೊಸನಗರದಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅವರು ಯಾರಿಗೂ ಎದುರು ಮಾತಾಡಿದವರಲ್ಲ, ಯಾರ ಮಾತನ್ನೂ ಅರ್ಧಕ್ಕೆ ತಡೆದವರಲ್ಲ. 'ಬೇಡ' ಎಂಬ ಪದವನ್ನು ನಾನು ಮಾಡಿದ ಉಪ್ಪಿಟ್ಟಿಗೆ ಬಿಟ್ಟರೆ ಜೀವಮಾನದಲ್ಲಿ ಮತ್ತೊಂದಕ್ಕೆ ಬಳಸಿದವರಲ್ಲ. ಈ ಸಭ್ಯತೆಯಿಂದಾಗಿ ನಮ್ಮ ಹಿಟ್ಟಿನ ಗಿರಣಿ ಕೈಬಿಟ್ಟು ಹೋಗುವುದರಲ್ಲಿತ್ತು. ಸಣ್ಣ ಅಂಗಡಿ ಇಟ್ಟುಕೊಂಡವರಿಗೆ ವಕೀಲರು ಯಾಕೆ ಬೇಕು ಎಂದು ಈಗ ನನ್ನನ್ನು ಕೇಳುವವರಿದ್ದಾರೆ. ಗಂಡ ಸಭ್ಯರಾಗಿದ್ದರೆ ಬೇಕೇ ಬೇಕು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ.

ಗಿರಣಿ ಇದ್ದದ್ದು ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಒಂದು ಹಳೇ ಹೆಂಚಿನ ಕಟ್ಟಡದಲ್ಲಿ. ರೊಟ್ಟಿಗೆ ಅಕ್ಕಿ ಹಿಟ್ಟು, ಕಡುಬಿಗೆ ತರಿ, ಮೆಣಸಿನ ಪುಡಿ, ಸಾರಿನ ಪುಡಿ, ಮದುವೆ ಸೀಸನ್ನಿನಲ್ಲಿ ಅಡುಗೆಯವರ ಮೂಟೆ ಮೂಟೆ ಮಸಾಲೆ. ಲೈಸೆನ್ಸು ನಮ್ಮವರ ಹೆಸರಿನಲ್ಲಿ, ಬೋರ್ಡಿನ ಮೇಲೆ 'ಪ್ರೊ' ಅಂತ ಬರೆದು ಮುಂದೆ ಇದ್ದದ್ದೂ ಅವರದೇ ಹೆಸರು. ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆಗೂದಲಿಗೆ, ಹುಬ್ಬಿಗೆ ಹಿಟ್ಟು ಮೆತ್ತಿಕೊಂಡು ನಿಲ್ಲುತ್ತಿದ್ದವಳು ನಾನು. ಅವರು ಮುಂದಿನ ಕುರ್ಚಿಯಲ್ಲಿ ಕೂತು, ಹಿಟ್ಟು ಆಗುವವರೆಗೆ ಕಾಯುವ ಗಿರಾಕಿಗಳಿಗೆ ಬೇಸರವಾಗದಂತೆ ನೋಡಿಕೊಳ್ಳುತ್ತಿದ್ದರು. ಅದೂ ಒಂದು ಕೆಲಸವೇ ಎಂದು ಬಹಳ ಕಾಲ ನಂಬಿದ್ದೆ.

ಕಟ್ಟಡದ ಮಾಲೀಕರು ವಯಸ್ಸಾದವರು. ಜಾಗ ಕೊಡುವಾಗ ತಾಲ್ಲೂಕು ಕಚೇರಿ ಎದುರಿನ ಟೈಪಿಸ್ಟನಿಂದ ಹನ್ನೊಂದು ತಿಂಗಳ ಕರಾರು ಮಾಡಿಸಿದ್ದರು. ಆ ಟೈಪಿಸ್ಟನ ಹತ್ತಿರ ಇದ್ದದ್ದು ಒಂದೇ ಕರಾರು. ಕ್ಷೌರದ ಅಂಗಡಿಗೂ ಅದೇ, ಬೇಕರಿಗೂ ಅದೇ, ಹೆಸರು ಮಾತ್ರ ಬೇರೆ. ನಮ್ಮದರಲ್ಲಿ 'ಸದರಿ ವಾಸದ ಮನೆಯನ್ನು ಸ್ವಚ್ಛವಾಗಿಟ್ಟುಕೊಂಡು' ಎಂದೆಲ್ಲ ಇತ್ತು. ಗಿರಣಿಯಲ್ಲಿ ವಾಸವಿದ್ದದ್ದು ಹೆಗ್ಗಣಗಳು ಮಾತ್ರ, ಸ್ವಚ್ಛತೆಯ ವಿಷಯ ಅವುಗಳಿಗೆ ಯಾರೂ ಹೇಳಿರಲಿಲ್ಲ. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕರಾರು ಮಾಡಿಸಿ ಎಂದೆ.

"ಮುದುಕ್ರು ಬೇಜಾರು ಮಾಡ್ಕೊಳ್ತಾರೆ ಮಾರಾಯ್ತಿ," ಅಂದರು ನಮ್ಮವರು. "ನಮ್ಮ ಮೇಲೆ ನಂಬಿಕೆ ಇಲ್ವಾ ಅಂತಾರೆ. ಮಾತಿಗಿಂತ ಕಾಗ್ದ ದೊಡ್ಡದಾ?"

ಕರೆಂಟಿನ ಮೀಟರು ಮಾಲೀಕರ ಹೆಸರಿನಲ್ಲೇ ಇತ್ತು. ಅದನ್ನು ಬದಲಾಯಿಸುವ ಮಾತೆತ್ತಿದಾಗಲೂ ಇದೇ ಉತ್ತರ. ಯಂತ್ರಗಳನ್ನು ಮಾತ್ರ ನೆಲ ಅಗೆದು, ಕಾಂಕ್ರೀಟು ತುಂಬಿ, ಬೋಲ್ಟು ಬಿಗಿದು ಭದ್ರವಾಗಿ ಕೂರಿಸಿದ್ದೆವು. ಅದರಲ್ಲಿ ದೊಡ್ಡ ಯಂತ್ರ ಬಂದದ್ದು ನನ್ನ ತವರಿನವರು ಹಾಕಿದ್ದ ಎರಡೆಳೆ ಸರ ಮಾರಿ. ಸರ ಹೋದದ್ದಕ್ಕೆ ನನಗೆ ಬೇಸರವಿರಲಿಲ್ಲ, ಕುತ್ತಿಗೆಯಲ್ಲಿ ಸುಮ್ಮನೆ ನೇತಾಡುವುದಕ್ಕಿಂತ ನೆಲದ ಮೇಲೆ ಕೂತು ದುಡಿಯುವುದು ಮೇಲು ಎಂದುಕೊಂಡಿದ್ದೆ.

ಮುದುಕರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಅಡುಗೆಗೆ ಪುಡಿ ಹೋದದ್ದು ನಮ್ಮ ಗಿರಣಿಯಿಂದಲೇ. ಅದರ ಘಾಟು ಆರುವ ಮೊದಲೇ ಅವರ ಮಗ ಬಂದು ನಮ್ಮವರ ಪಕ್ಕದ ಕುರ್ಚಿಯಲ್ಲಿ ಕೂತ. ಹಳೇ ಕಟ್ಟಡ ಕೆಡವಿ ಲಾಡ್ಜ್ ಕಟ್ಟಿಸುವವನಿದ್ದ. ಹಿನ್ನೀರಿಗೆ ಸೇತುವೆ ಆದ ಮೇಲೆ ಈ ಕಡೆ ಜನ ಬರುವುದು ಜಾಸ್ತಿಯಾಗಿದೆ, ಬಂದವರು ಮಲಗುವುದೆಲ್ಲಿ ಎಂಬುದು ಅವನ ಚಿಂತೆ.

"ಅಣ್ಣಾ, ದೀಪಾವಳಿ ಒಳಗೆ ಖಾಲಿ ಮಾಡಿಕೊಡಿ. ನಾವು ನಾವು ಜಗಳ ಆಡೋದು ಬ್ಯಾಡ."

"ಯಂತ್ರ ಎಲ್ಲಿಗೆ ಒಯ್ಯದು?" ನಾನು ಒಳಗಿಂದಲೇ ಕೇಳಿದೆ.

"ಅದನ್ನ ಆಮೇಲೆ ನೋಡಾಣ ಅಕ್ಕಾ."

'ಆಮೇಲೆ ನೋಡಾಣ' ಎಂಬ ಮಾತು ಕೇಳಿದ ಕೂಡಲೇ ವಕೀಲರ ಹತ್ತಿರ ಹೋಗಬೇಕು ಎಂದು ನನಗೆ ಅನ್ನಿಸಿತು. ಹೇಳಿದೆ. ನಮ್ಮವರು ನಾನು ಯಾರಿಗೋ ವಿಷ ಹಾಕೋಣ ಎಂದವಳ ಹಾಗೆ ನನ್ನ ಮುಖ ನೋಡಿದರು. ಅಲ್ಲಿ ಹಿಟ್ಟಿಗೆ ಕಾಯುತ್ತಿದ್ದ ಗಂಡಸರೆಲ್ಲ ಒಟ್ಟಿಗೆ ಬಾಯಿ ಹಾಕಿದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ಈ ಗಾದೆ ಹೇಳುವವರನ್ನು ಜೀವಮಾನವಿಡೀ ನೋಡಿದ್ದೇನೆ. ಒಬ್ಬನಾದರೂ ಕೋರ್ಟಿನ ಒಳಗೆ ಕಾಲಿಟ್ಟವನಲ್ಲ. ಹಲ್ಲು ನೋವಾದರೆ ತೀರ್ಥಹಳ್ಳಿಯವರೆಗೆ ಹೋಗಿ ಕೀಳಿಸಿಕೊಂಡು ಬರುತ್ತಾರೆ, ಟಿವಿ ಕೆಟ್ಟರೆ ಸಾಗರಕ್ಕೆ ಒಯ್ಯುತ್ತಾರೆ, ಸ್ವಂತ ಅಂಗಡಿ ಕುತ್ತಿಗೆಗೆ ಬಂದಾಗ ಮಾತ್ರ ಗಾದೆ ಹೇಳುತ್ತಾರೆ.

ಗಾದೆಯ ನಂತರ ದೇವರು. ನಮ್ಮ ಕಡೆ ತೋಟದ ಬೇಲಿಗೆ, ಹೊಸ ಮನೆಯ ಗೋಡೆಗೆ, ತಕರಾರಿರುವ ಗದ್ದೆಯ ಅಂಚಿಗೆಲ್ಲ 'ಇದಕ್ಕೆ ದೇವಿಯ ಕಾವಲಿದೆ' ಎಂದು ಬರೆದ ಬೋರ್ಡು ಹಾಕುತ್ತಾರೆ. ಪೂಜೆ ಮಾಡಿಸಿ ಬೋರ್ಡು ತಂದು ಹಾಕಿದರೆ ಯಾರೂ ಆ ಜಾಗಕ್ಕೆ ಕೈ ಹಾಕುವುದಿಲ್ಲ ಎಂಬುದು ನಂಬಿಕೆ. ನಮ್ಮವರು ಬೋರ್ಡು ತಂದು ಗಿರಣಿಯ ಬಾಗಿಲ ಮೇಲೆ ಹೊಡೆದರು. ಆ ವಾರ ಬಹಳ ನೆಮ್ಮದಿಯಿಂದಿದ್ದರು. ಮುಂದಿನ ವಾರ ಮಾಲೀಕನ ಮಗನೂ ಹೋಗಿ ಅದೇ ದೇವಿಯ ಬೋರ್ಡು ತಂದು ಕಟ್ಟಡದ ಗೋಡೆಗೆ ಹೊಡೆದ, ನಮ್ಮದಕ್ಕಿಂತ ಒಂದು ಮೊಳ ಮೇಲೆ. ಹಿಟ್ಟಿಗೆ ಬಂದವರು ಎರಡನ್ನೂ ಓದಿ, ಎರಡಕ್ಕೂ ಕೈಮುಗಿದು ಒಳಗೆ ಬರುತ್ತಿದ್ದರು. ದೇವಿ ಯಾರ ಕಡೆ ಎಂದು ಚರ್ಚೆಯಾಗುತ್ತಿತ್ತು. ಆಯಮ್ಮನಿಗೆ ಬಾಡಿಗೆ ತಕರಾರು ನೋಡುವುದೊಂದೇ ಕೆಲಸ ನೋಡಿ!

ನಾನು ಬಿಡಲಿಲ್ಲ. ದಿನಾ ಊಟಕ್ಕೆ ಬಡಿಸುವಾಗ ವಕೀಲ, ವಕೀಲ ಎಂದೆ. ಕಡೆಗೆ ನಮ್ಮವರು ಒಂದು ದಾರಿ ಹುಡುಕಿದರು. "ಸಾಗರದಾಗೆ ನಮ್ಮ ಭಾವನೇ ಇದ್ದಾನಲ್ಲ." ಅವರ ಚಿಕ್ಕಪ್ಪನ ಮಗಳ ಗಂಡ. ಸಾಗರದಲ್ಲಿ ಕಪ್ಪು ಕೋಟು ಹಾಕಿಕೊಂಡು ಓಡಾಡುತ್ತಿದ್ದ. ಬಸ್ಸಿಗೆ ಸಿಕ್ಕಿ ಕಾಲು ಮುರಿದುಕೊಂಡವರಿಗೆ ಪರಿಹಾರ ಕೊಡಿಸುವುದು ಅವನ ಕೆಲಸ. ನಮಗೆ ಯಾರ ಕಾಲೂ ಮುರಿದಿರಲಿಲ್ಲ.

ಭಾವನ ಆಫೀಸಿನಲ್ಲಿ ಕೂತ ಕೂಡಲೇ ಫೀಸಿನ ಮಾತು ಬಂತು. ಬಂದದ್ದು ನನ್ನ ಬಾಯಿಂದ.

"ಥೋ ಥೋ, ಎಂತ ಮಾತಾಡ್ತೀರಿ ಅತ್ತಿಗೆ! ನಮ್ಮೋರ ಹತ್ರ ಫೀಸಾ?" ಎಂದು ಭಾವ ಎರಡೂ ಕೈ ಎತ್ತಿದ. "ನಾನೊಂದು ಫೋನ್ ಹಾಕ್ತೀನಿ, ಅವ್ನು ಬಾಲ ಮುದುರ್ಕೊಂಡು ಕೂತ್ಕಳ್ತಾನೆ."

ಕರಾರನ್ನು ಕೊಟ್ಟೆ. ಅದನ್ನು ಬಿಡಿಸಿ ನೋಡದೆ ಒಂದು ಫೈಲಿನ ಕೆಳಗೆ ಇಟ್ಟ. ಮೀಟರಿನ ವಿಷಯ ಹೇಳಿದೆ, ತಲೆಯಾಡಿಸಿದ. ಬಾಗಿಲಿನಿಂದ ಹೊರಗೆ ಬರುವಾಗ ಅವನ ಹೆಂಡತಿ ಫೋನ್ ಮಾಡಿ, ಮುಂದಿನ ಸಲ ಬರುವಾಗ ಸಾರಿನ ಪುಡಿ ತನ್ನಿ ಎಂದಳು. ಆಮೇಲೆ ಮೆಣಸಿನ ಪುಡಿ, ಆಮೇಲೆ ಕಡುಬಿನ ತರಿ. ಫೀಸು ಕೊಟ್ಟವನು 'ನನ್ನ ಕೆಲಸ ಏನಾಯಿತು' ಎಂದು ಕೇಳಬಹುದು, ಪುಡಿ ಕೊಟ್ಟವನು ಕೇಳುವ ಹಾಗಿಲ್ಲ. ಕೇಳಿದರೆ ನೆಂಟಸ್ತಿಕೆ ಕೆಡುತ್ತದೆ. ಅಷ್ಟರಲ್ಲಿ ಭಾವ ಫೋನ್ ಹಾಕಿದ್ದು ನಿಜ ಎಂದು ತಿಳಿಯಿತು. ಮಾಲೀಕನ ಮಗ ಅವನನ್ನು ಸಾಗರದ ಹೋಟೆಲಿಗೆ ಕರೆದು ಮಸಾಲೆ ದೋಸೆ ತಿನ್ನಿಸಿದ್ದ. ದೋಸೆಯ ಜೊತೆ ನಮ್ಮ ಕರಾರು ಮುಗಿದಿರುವುದು, ಮೀಟರು ಯಾರ ಹೆಸರಿನಲ್ಲಿದೆ ಎಂಬುದು, ನಮ್ಮವರ ಹೆದರಿಕೆ, ಎಲ್ಲವೂ ಆ ಕಡೆಗೆ ಹೋಯಿತು. ವಾರ ಕಳೆಯುವುದರೊಳಗೆ ಲೈನ್‌ಮನ್ ಬಂದು ಗಿರಣಿಯ ಕರೆಂಟು ತೆಗೆದುಹೋದ. ಮೀಟರಿನ ವಾರಸುದಾರ ಬೇಡ ಎಂದು ಅರ್ಜಿ ಕೊಟ್ಟಿದ್ದನಂತೆ.

ಗಿರಣಿ ನಿಂತಿತು. ಅಕ್ಕಿ ನೆನೆಸಿ, ಆರಿಸಿಕೊಂಡು ಬಂದ ಹೆಂಗಸರು ಬಾಗಿಲಲ್ಲಿ ನಿಂತು ಹಿಂದೆ ಹೋದರು. ಅವರಿಗೆ ಏನು ಹೇಳುವುದು ಎಂದು ತಿಳಿಯದೆ ನನಗೆ ಅಳು ಬಂತು. ಹಿಟ್ಟಿನ ಕೈಯಲ್ಲಿ ಮುಖ ಒರೆಸಿಕೊಂಡದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಗ ಪಂಚಾಯ್ತಿಗೆ ಎಂದು ಹೊರಟದ್ದು ಅರಳಸುರಳಿ ಕಡೆಯ ಒಬ್ಬ ಹಿರಿಯರ ಮನೆಗೆ. ಆ ಹಿರಿಯರು ಎರಡೂ ಕಡೆಯವರಿಗೆ ಬೇಕಾದವರು. ಗಡಿ ತಕರಾರು, ಅಣ್ಣ ತಮ್ಮಂದಿರ ಪಾಲು, ಓಡಿಹೋದ ಹುಡುಗಿ, ಎಲ್ಲವನ್ನೂ ಜಗಲಿಯಲ್ಲಿ ಕೂತು ಬಗೆಹರಿಸುವವರು ಎಂದು ಹೆಸರು. ಬಗೆಹರಿದ ಮೇಲೆ ಆ ಮನೆಗಳಲ್ಲಿ ಏನಾಯಿತು ಎಂದು ಯಾರೂ ಹೋಗಿ ನೋಡಿದ್ದಿಲ್ಲ.

ಜಗಲಿಯಲ್ಲಿ ಗಂಡಸರು ಕೂತರು. ನನ್ನನ್ನು ಒಳಗೆ ಕಳಿಸಿದರು. ಹಿರಿಯರ ಸೊಸೆ ಕಾಫಿ ಕೊಟ್ಟು, ಪಾಪ, ತನ್ನ ಮಂಡಿನೋವಿನ ಕತೆ ಹೇಳಿದಳು. ನನ್ನ ಕಿವಿ ಜಗಲಿಯಲ್ಲಿತ್ತು. ಸಂಬಂಧ ದೊಡ್ಡದು, ಮನುಷ್ಯತ್ವ ದೊಡ್ಡದು, ಕೋರ್ಟು ಕಚೇರಿ ನಮ್ಮಂಥವರಿಗಲ್ಲ. ಮಾಲೀಕನ ಮಗನ ದನಿಯೇ ಎಲ್ಲರಿಗಿಂತ ಜೋರು. "ಲಾಯರ್ ಮುಖ ನೋಡೋ ಗತಿ ನಮ್ಗೆ ಬರಬಾರ್ದು ದೊಡ್ಡಯ್ಯ." ಹಿರಿಯರು ಹೂಂಗುಟ್ಟಿದರು. ಕಡೆಗೆ ಒಂದು ರಾಜಿಪತ್ರ ಹೊರಗೆ ಬಂತು. ಕಿಟಕಿಯ ಸರಳಿನಿಂದ ನೋಡಿದೆ. ಛಾಪಾ ಕಾಗದ, ನೀಟಾಗಿ ಟೈಪು ಮಾಡಿ ತಂದದ್ದು. ಹಿರಿಯರು ಅದನ್ನು ತಟ್ಟೆಯಲ್ಲಿ ಎಲೆ ಅಡಿಕೆಯ ಪಕ್ಕ ಇಟ್ಟು ನಮ್ಮವರ ಮುಂದೆ ಸರಿಸಿದರು.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹಿರಿಯರು ಕೊಟ್ಟ ಕಾಗದವನ್ನು ಅವರ ಎದುರಿಗೆ ಓದಬಾರದು. ಓದಿದರೆ ಅವರ ಮೇಲೆ ನಂಬಿಕೆಯಿಲ್ಲ ಎಂದು ಅರ್ಥ. ಎಲ್ಲಿ ಹಾಕಬೇಕು ಎಂದು ಕೇಳಬೇಕು, ಅವರು ಬೆರಳಿಟ್ಟ ಜಾಗದಲ್ಲಿ ಹಾಕಬೇಕು, ಎಲೆ ಅಡಿಕೆ ತೆಗೆದುಕೊಳ್ಳಬೇಕು. ಡಿಗ್ರಿ ಮಾಡಿದವರೂ ಹೀಗೇ ಮಾಡುತ್ತಾರೆ. ಎಂಟನೇ ಕ್ಲಾಸು ಓದಿದವರು ಕಷ್ಟಪಟ್ಟು ಅಕ್ಷರ ಕೂಡಿಸುವುದನ್ನು ಮರ್ಯಾದೆಗೆಂದು ನಿಲ್ಲಿಸುವುದಾದರೆ ಅರ್ಥಮಾಡಿಕೊಳ್ಳಬಹುದು. ನಮ್ಮವರು ಬಿ.ಎ. ಮಾಡಿದವರು, ಪೇಪರನ್ನು ಜಾಹೀರಾತಿನ ಸಮೇತ ಓದುವವರು.

"ಎಲ್ಲಿ ಹಾಕ್ಬೇಕು ದೊಡ್ಡಯ್ಯ?" ಎಂದು ಕೇಳಿದರು.

ನಾನು ಕಾಫಿ ಲೋಟ ಬಿಟ್ಟು ಜಗಲಿಗೆ ಓಡಿಬಂದೆ. "ಹೋಯ್, ಓದಿ ಹಾಕಿ," ಎಂದೆ. ಅಷ್ಟೂ ಜನ ತಿರುಗಿ ನನ್ನನ್ನು ನೋಡಿದರು. ಹಿರಿಯರು ನಕ್ಕು, "ನಿನ್ನ ಹೆಂಡ್ತಿಗೆ ನಮ್ಮ ಮೇಲೆ ಡೌಟು ಕಾಣ್ತದೆ," ಎಂದರು. ಆ ನಗು ಸಾಕಾಯಿತು. ನಮ್ಮವರು ಕಿವಿ ಕೆಂಪು ಮಾಡಿಕೊಂಡು, ನನ್ನ ಕಡೆ ನೋಡದೆ, ಎಲ್ಲ ಪುಟಕ್ಕೂ ಸರಸರ ಸಹಿ ಹಾಕಿದರು.

ಬಸ್ಸಿಗೆ ಕಾಯುವಾಗ ಅದರ ಜೆರಾಕ್ಸು ಕಿತ್ತುಕೊಂಡು ಓದಿದೆ. ಬಾಡಿಗೆದಾರರು ದೀಪಾವಳಿಯ ಒಳಗೆ ಜಾಗ ಬಿಡತಕ್ಕದ್ದು. ನೆಲಕ್ಕೆ ಹೂಡಿದ ಯಂತ್ರೋಪಕರಣಗಳು ಕಟ್ಟಡದ ಭಾಗವಾಗಿದ್ದು, ಅವುಗಳ ಮೇಲೆ ಬಾಡಿಗೆದಾರರಿಗೆ ಯಾವುದೇ ಹಕ್ಕು ಇರತಕ್ಕದ್ದಲ್ಲ. ನಮ್ಮವರಿಗೆ ಆ ಸಾಲು ತೋರಿಸಿದೆ. ಅವರು ಎರಡು ಸಲ ಓದಿ, "ದೊಡ್ಡಯ್ಯ ಹಂಗೆ ಮಾಡಲ್ಲ, ಎಂತೋ ತಪ್ಪಾಗಿ ಟೈಪಾಗಿದೆ," ಎಂದರು. ದೊಡ್ಡಯ್ಯನೂ ಓದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವರಿಗೂ ಓದುವುದು ಮರ್ಯಾದೆಯಲ್ಲ. ಓದಿದ್ದವರು ಇಬ್ಬರೇ, ಅದನ್ನು ಬರೆಸಿದವನು ಮತ್ತು ಬರೆದುಕೊಟ್ಟ ವಕೀಲ. ಹೌದು, ಲಾಯರ್ ಮುಖ ನೋಡುವ ಗತಿ ಬರಬಾರದು ಎಂದವನು ಶಿವಮೊಗ್ಗದ ಲಾಯರಿಗೆ ದುಡ್ಡು ಕೊಟ್ಟು ಅದನ್ನು ಬರೆಸಿಕೊಂಡು ಬಂದಿದ್ದ. ವಕೀಲರು ಯಾಕೆ ಎನ್ನುವವರಲ್ಲಿ ಎರಡು ಜಾತಿ. ತಾವು ಇಟ್ಟುಕೊಂಡು ಬೇರೆಯವರಿಗೆ ಬೇಡ ಎನ್ನುವವರು ಒಂದು, ಅದನ್ನು ನಂಬುವ ಬೆಪ್ಪುಗಳು ಇನ್ನೊಂದು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗ ಇಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದರು. ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಅದನ್ನು ಹೇಳಿದೆ. ನಮ್ಮವರು ಕಿಟಕಿಯ ಆಚೆ ನೋಡುತ್ತಿದ್ದರು.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಒಳ್ಳೇ ವಕೀಲರು ಯಾರು ಎಂದು ನಮ್ಮೂರಿನಲ್ಲಿ ಕೇಳಿದರೆ ಮೊದಲು ಅವರ ಜಾತಿ ಹೇಳುತ್ತಾರೆ, ಆಮೇಲೆ ಅವರ ಕಾರು, ಆಮೇಲೆ ಯಾವ ಪಾರ್ಟಿ. ಒಂದು ಬೆಳಿಗ್ಗೆ ನಾನೇ ಹೊಸನಗರದ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬಾಗಿಲಲ್ಲಿದ್ದವನು, "ಎಂತ ಕೇಸಮ್ಮಾ?" ಎಂದ. ಕೇಸಿಲ್ಲ, ನೋಡಲಿಕ್ಕೆ ಬಂದೆ ಎಂದೆ. ಅವನಿಗೆ ಅರ್ಥವಾಗದಿದ್ದರೂ ತಡೆಯಲಿಲ್ಲ. ಕೋರ್ಟಿನಲ್ಲಿ ಯಾರು ಬೇಕಾದರೂ ಕೂರಬಹುದು ಎಂಬುದು ನನಗೆ ಆವತ್ತೇ ಗೊತ್ತಾದದ್ದು.

ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಅಂಚು ತಿರುವಿ, ಬೆಳಕಿಗೆ ಹಿಡಿದು ನೋಡುತ್ತೇವೆ. ವಕೀಲರನ್ನು ಮಾತ್ರ ಕಣ್ಣು ಮುಚ್ಚಿಕೊಂಡು ತರುತ್ತೇವೆ. ನಾನು ಆವತ್ತು ಸೆರಗು ಬಿಡಿಸಿ ನೋಡಿದೆ. ಹೊರಗೆ ಸಿಂಹದ ಹಾಗೆ ಓಡಾಡುತ್ತಿದ್ದ ಒಬ್ಬ ಒಳಗೆ ಬಂದು 'ಸಮಯ ಬೇಕು ಸ್ವಾಮಿ' ಎಂದು ಬೆನ್ನು ಬಗ್ಗಿಸಿದ. ಅವನ ಕಕ್ಷಿದಾರ ಹಿಂದೆ ನಿಂತು, ಅದೇ ದೊಡ್ಡ ವಾದ ಎಂದು ತಿಳಿದು ತಲೆದೂಗುತ್ತಿದ್ದ. ಇನ್ನೊಬ್ಬ ತನ್ನ ಕಕ್ಷಿದಾರನ ಹೆಸರನ್ನೇ ತಪ್ಪು ಹೇಳಿದ. ಮತ್ತೊಬ್ಬ ಫೈಲು ಮನೆಯಲ್ಲಿ ಬಿಟ್ಟು ಬಂದಿದ್ದ. ಇವರನ್ನೆಲ್ಲ ನಂಬಿ ಜನ ಜಮೀನು ಕಳೆದುಕೊಳ್ಳುತ್ತಾರಲ್ಲ ಎಂದು ಮೈ ಉರಿಯಿತು. ಮಧ್ಯಾಹ್ನದ ಹೊತ್ತಿಗೆ ತೀರ್ಥಹಳ್ಳಿಯಿಂದ ಬಂದಿದ್ದ ಒಬ್ಬ ವಕೀಲರು ಎದ್ದು ನಿಂತರು. ನಡುವಯಸ್ಸಿನ ಹೆಂಗಸು, ದನಿ ಸಣ್ಣದು. ನ್ಯಾಯಾಧೀಶರು ಕೇಳಿದ ಕಾಗದ ಅವರ ಕೈಯಲ್ಲಿ ಮೊದಲೇ ಇತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕೂತರು. ಹೊರಗೆ ಬಂದ ಮೇಲೆ ತಮ್ಮ ಕಕ್ಷಿದಾರ ಮುದುಕನಿಗೆ ಆವತ್ತು ಏನಾಯಿತು, ಮುಂದೆ ಏನಾಗುತ್ತದೆ ಎಂದು ನಿಂತು ಹೇಳಿದರು. ಆ ಮುದುಕನನ್ನು ನಾನು ಕ್ಯಾಂಟೀನಿನಲ್ಲಿ ಹಿಡಿದು, ಫೋನ್ ಮಾಡಿದರೆ ಎತ್ತುತ್ತಾರಾ ಎಂದು ಕೇಳಿದೆ. "ಎತ್ತಲ್ಲ. ಸಂಜೆಗೆ ಅವ್ರೇ ಮಾಡ್ತಾರೆ," ಎಂದ. ಅಷ್ಟು ಸಾಕಾಯಿತು.

ತೀರ್ಥಹಳ್ಳಿಗೆ ನಮ್ಮವರನ್ನೂ ಎಳೆದುಕೊಂಡು ಹೋದೆ. ಬಾಡಿಗೆದಾರರು ಅವರು, ಸಹಿ ಅವರದು, ಅವರಿಲ್ಲದೆ ಆಗುತ್ತಿರಲಿಲ್ಲ. ವಕೀಲರು ರಾಜಿಪತ್ರವನ್ನು ಪೂರ್ತಿ ಓದಿದರು. ನಾವು ಎದುರಿಗೆ ಕೂತಿದ್ದೆವು, ಅವರಿಗೆ ನಮ್ಮ ಮರ್ಯಾದೆಯ ಚಿಂತೆ ಇರಲಿಲ್ಲ. ಆಮೇಲೆ ನಾವು ಬಾಡಿಗೆ ಕೊಟ್ಟ ಬ್ಯಾಂಕಿನ ವಿವರ, ಯಂತ್ರದ ಬಿಲ್ಲು, ಲೈಸೆನ್ಸು, ಎಲ್ಲ ಕೇಳಿದರು.

"ಜಾಗ ನಿಮ್ದಲ್ಲ. ಇವತ್ತಲ್ಲ ನಾಳೆ ಬಿಡ್ಬೇಕಾಗ್ತದೆ. ಅದನ್ನ ಉಳಿಸಿಕೊಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಅವ್ರ ಹತ್ರ ಹೋಗ್ಬೇಡಿ," ಎಂದರು. "ಆದ್ರೆ ಕಾನೂನು ಪ್ರಕಾರ ಬಿಡಿಸ್ಬೇಕು. ಕರೆಂಟ್ ತೆಗ್ಸಿ ಓಡಿಸೋ ಹಾಗಿಲ್ಲ. ಯಂತ್ರ ನಿಮ್ದು, ಅದಕ್ಕೆ ಹೋರಾಡ್ಬಹುದು. ಈ ಸಹಿ ಒಂದು ಇರದೇ ಇದ್ದಿದ್ರೆ ಸುಲಭ ಇತ್ತು. ಈಗ ಕಷ್ಟ ಇದೆ, ಗ್ಯಾರಂಟಿ ಕೊಡಲ್ಲ."

ಗೆಲ್ಲಿಸಿಕೊಡುತ್ತೇನೆ ಎನ್ನದ ವಕೀಲರನ್ನು ನಾನು ಮೊದಲ ಸಲ ನೋಡಿದ್ದು. ಯಾವ ಕೆಲಸಕ್ಕೆ ಎಷ್ಟು ಫೀಸು, ಯಾವಾಗ ಕೊಡಬೇಕು, ಯಾವುದು ಅದರಲ್ಲಿ ಸೇರಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಎದುರು ಕಡೆಯವರು ತಮಗೆ ನೆಂಟರಲ್ಲ, ಪರಿಚಯದವರೂ ಅಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದರು. ಪುಡಿ ತಂದುಕೊಡಲಾ ಎಂದು ನಮ್ಮವರು ಕೇಳಿದ್ದಕ್ಕೆ, "ಬೇಡ, ನಂಗೆ ಅಂಗಡಿ ಇದೆ," ಎಂದರು.

ಆಮೇಲೆ ವಕಾಲತ್ತು ಮುಂದಿಟ್ಟರು. ನಮ್ಮವರು ಪೆನ್ನು ತೆಗೆದು, "ಎಲ್ಲಿ ಹಾಕ್ಬೇಕು ಮೇಡಂ?" ಎಂದರು.

ವಕೀಲರು ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು. "ಓದಿದ್ರಾ?"

"ನಿಮ್ಮ ಮೇಲೆ ನಂಬಿಕೆ ಇದೆ."

"ನನ್ನ ಪರಿಚಯ ಆಗಿ ಅರ್ಧ ಗಂಟೆ ಆಗಿಲ್ಲ, ಎಂತ ನಂಬಿಕೆ? ಓದಿ. ಗೊತ್ತಾಗ್ದೇ ಇದ್ದದ್ದು ಕೇಳಿ. ನಾನು ಟೀ ತರಿಸ್ತೀನಿ."

ನಮ್ಮವರು ಬೈಸಿಕೊಂಡವರ ಹಾಗೆ ಮುಖ ಮಾಡಿಕೊಂಡು ಓದಿದರು. ಟೀ ಬಂತು. ನನಗೆ ಅದಕ್ಕಿಂತ ರುಚಿಯಾದ ಟೀ ಕುಡಿದ ನೆನಪಿಲ್ಲ.

ಕೇಸು ನಡೆಯಿತು. ಅದರ ಪೂರ್ತಿ ಕತೆ ಯಾರಿಗೂ ಬೇಡ. ಕೋರ್ಟಿನ ಆದೇಶ ಬಂದು ಕರೆಂಟು ಮತ್ತೆ ಬಂತು. ದೀಪಾವಳಿ ಹೋಯಿತು, ನಾವು ಹೋಗಲಿಲ್ಲ. ಹಿರಿಯರು ನಮ್ಮವರಿಗೆ ಹೇಳಿಕಳಿಸಿದರು, ಇನ್ನು ಮೇಲೆ ನನ್ನ ಜಗಲಿ ಹತ್ತಬೇಡ ಎಂದು. ನಮ್ಮವರು ಆ ದಿನ ಊಟ ಬಿಟ್ಟರು. ಜಗಲಿ ಹತ್ತುವ ಖರ್ಚು ಉಳಿಯಿತು ಎಂದು ನಾನು ಇಬ್ಬರ ಪಾಲಿನದೂ ಉಂಡೆ. ಆ ಕಡೆಯ ಲಾಯರಿಗೆ ಈ ಕೇಸು ಬೇಗ ಮುಗಿಯುವುದಿಲ್ಲ, ಲಾಡ್ಜು ಏಳುವುದಿಲ್ಲ ಎಂದು ಅರ್ಥವಾದ ಮೇಲೆ ಅವರೇ ಮಾತಿಗೆ ಬಂದರು. ಕಡೆಗೆ ಕೋರ್ಟಿನಲ್ಲೇ ರಾಜಿಯಾಯಿತು. ಮಳೆಗಾಲ ಮುಗಿಯುವವರೆಗೆ ಗಿರಣಿ ಅಲ್ಲೇ, ಆಮೇಲೆ ಜಾಗ ಅವರಿಗೆ, ಯಂತ್ರಗಳೆಲ್ಲ ನಮಗೆ. ಈ ರಾಜಿಪತ್ರದ ಪ್ರತಿ ಸಾಲನ್ನೂ ವಕೀಲರು ನಮ್ಮ ಕೈಲಿ ಓದಿಸಿದರು, ನ್ಯಾಯಾಧೀಶರು ಮತ್ತೆ ಕೇಳಿ ಖಚಿತ ಮಾಡಿಕೊಂಡರು. ಎಲೆ ಅಡಿಕೆ ಇರಲಿಲ್ಲ.

ಬೋಲ್ಟುಗಳು ತುಕ್ಕು ಹಿಡಿದು ಕಾಂಕ್ರೀಟಿನಲ್ಲಿ ಕೂತುಬಿಟ್ಟಿದ್ದವು. ಗ್ಯಾಸ್ ಕಟ್ಟರಿನಿಂದ ಕತ್ತರಿಸಿ ತೆಗೆಯಬೇಕಾಯಿತು. ದೊಡ್ಡ ಯಂತ್ರ ಸರಪಳಿಯಲ್ಲಿ ನೇತಾಡುತ್ತ ಬಾಗಿಲಿನಿಂದ ಹೊರಗೆ ಬಂದಾಗ ನಾನು ಕೈ ಮುಟ್ಟಿ ನೋಡಿದೆ. ನನ್ನದು, ಎಂದುಕೊಂಡೆ. ಬಹಳ ಸಂತೋಷವಾಯಿತು.

ಅದು ನನ್ನದಲ್ಲ ಎಂದು ಹೇಳಿದವರು ವಕೀಲರು.

ಸಾಗರ ರಸ್ತೆಯಲ್ಲಿ ಹೊಸ ಜಾಗ ಹುಡುಕಿದ್ದೆವು. ಈ ಸಲ ಟೈಪಿಸ್ಟನ ಹತ್ತಿರ ಹೋಗಲಿಲ್ಲ, ಕರಾರು ಮಾಡಿಸಲು ತೀರ್ಥಹಳ್ಳಿಗೇ ಹೋದೆವು. ನೋಂದಣಿ ಆಗಬೇಕು, ಮೀಟರು ನಮ್ಮ ಹೆಸರಿಗೆ ಬರಬೇಕು, ಯಂತ್ರ ಬಾಡಿಗೆದಾರರದು ಎಂದು ಬರೆಸಬೇಕು ಎಂದೆಲ್ಲ ನಾನು ಒಂದೊಂದೇ ಹೇಳುತ್ತಿದ್ದೆ. ವಕೀಲರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿದರು.

"ಇಷ್ಟು ತಿಂಗಳಿಂದ ನೋಡ್ತಿದ್ದೀನಿ. ಗಿರಣಿ ನಡ್ಸೋದು ನೀವು, ಕೇಸು ನಡ್ಸಿದ್ದು ನೀವು. ಒಂದು ಕಾಗ್ದದಲ್ಲೂ ನಿಮ್ಮ ಹೆಸರಿಲ್ಲ. ಅದಕ್ಕೇ ಅಲ್ವಾ ನಿಮ್ಮನ್ನ ಒಳಗೆ ಕೂರಿಸಿ ಇವ್ರು ಸಹಿ ಹಾಕಕ್ಕಾಗಿದ್ದು? ನಾಳೆ ಮತ್ತೆ ಹಾಕಿದ್ರೂ ನೀವು ಎಂತ ಮಾಡೋ ಹಾಗಿಲ್ಲ."

ಊರಿನ ಗಂಡಸರನ್ನು, ಸಾಗರದ ಭಾವನನ್ನು, ಅರಳಸುರಳಿಯ ಜಗಲಿಯನ್ನು ಬೈದುಕೊಂಡು ಓಡಾಡಿದವಳು ನಾನು. ಮಾಲೀಕರ ಕರಾರು ಓದಿದೆ, ರಾಜಿಪತ್ರ ಓದಿದೆ. ನನ್ನ ಮನೆಯೊಳಗಿನ ಲೈಸೆನ್ಸಿನ ಮೇಲೆ ಯಾರ ಹೆಸರಿದೆ ಎಂದು ಓದಿರಲಿಲ್ಲ.

ಪಾಲುದಾರಿಕೆ ಪತ್ರ ಮಾಡಬಹುದು ಎಂದರು ವಕೀಲರು. ಇಬ್ಬರಿಗೂ ಸಮಪಾಲು. ಇಬ್ಬರ ಸಹಿಯಿಲ್ಲದೆ ಯಂತ್ರ ಮಾರುವ ಹಾಗಿಲ್ಲ, ಜಾಗ ಬಿಡುವ ಹಾಗಿಲ್ಲ, ರಾಜಿ ಮಾಡಿಕೊಳ್ಳುವ ಹಾಗಿಲ್ಲ. ನಮ್ಮವರು ನಕ್ಕರು.

"ಗಂಡ ಹೆಂಡ್ತಿ ಮಧ್ಯ ಎಂತ ಪತ್ರ ಮೇಡಂ? ನಗ್ತಾರೆ ಜನ."

ಆ ಕ್ಷಣದಲ್ಲಿ, ಹೋಗಲಿ ಬಿಡಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ಅಷ್ಟು ಸಣ್ಣದಾಗಿತ್ತು. ಮಾತನ್ನು ನುಂಗಿಕೊಂಡು, "ಮಾಡಿ ಮೇಡಂ," ಎಂದೆ.

ಮುಂದಿನ ವಾರ ಪತ್ರ ತಯಾರಾಯಿತು. ವಕೀಲರು ಅದನ್ನು ನಮ್ಮವರ ಮುಂದೆ ಇಟ್ಟರು. ಎಲ್ಲಿ ಹಾಕಬೇಕು ಎಂದು ಅವರು ಕೇಳಲಿಲ್ಲ. ಕನ್ನಡಕ ಹಾಕಿಕೊಂಡರು. ಮೊದಲ ಪುಟ ಓದಿದರು, ಎರಡನೆಯದು ಓದಿದರು, ಮತ್ತೆ ಮೊದಲನೆಯದಕ್ಕೆ ಬಂದರು. ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಅರಳಸುರಳಿಯ ಜಗಲಿಯಲ್ಲಿ ಹಿರಿಯರ ಮೇಲಿನ ನಂಬಿಕೆಗೆ ಕಣ್ಣು ಮುಚ್ಚಿ ಸಹಿ ಹಾಕಿದವರು, ಹೆಂಡತಿಯ ಹೆಸರಿದ್ದ ಕಾಗದವನ್ನು ಒಂದಕ್ಷರ ಬಿಡದೆ ಓದಿದರು. ನನಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಇವರು ಯಾರನ್ನು ನಂಬಿದ್ದರು, ಯಾರನ್ನು ನಂಬಿರಲಿಲ್ಲ ಎಂದು ಕೂತು ನೋಡಿದೆ.

"ನಾಳೆ ನನ್ನ ಬಿಟ್ಟು ಹೋಗಕ್ಕಾ ಇದು?" ಎಂದು ಕೇಳಿದರು.

"ಬಿಟ್ಟು ಹೋಗಕ್ಕೆ ಬಸ್ಸು ಸಾಕು. ಇರಕ್ಕೆ ಇದು ಬೇಕು," ಎಂದೆ.

ವಕೀಲರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನಮ್ಮವರು ಸಹಿ ಹಾಕಿದರು. ಪೆನ್ನನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ನನ್ನ ಕಡೆಗೆ ಉರುಳಿಸಿದರು.